ಅಮೆರಿಕದ ಸಣ್ಣ ಊರುಗಳ ಹಳೇ ಡ್ರಗ್ ಸ್ಟೋರ್ ಫೋಟೊಗಳು: ಹುಡುಕುವುದು, ಓದುವುದು, ವರ್ಷ ಪತ್ತೆ ಮಾಡುವುದು ಹೇಗೆ?

ಉದ್ದನೆಯ, ಕಿರಿದಾದ ಅಂಗಡಿ. ಒಂದು ಕಡೆ ಅಮೃತಶಿಲೆಯ ಸೋಡಾ ಕೌಂಟರು, ಇನ್ನೊಂದು ಕಡೆ ಗಾಜಿನ ಶೋಕೇಸುಗಳ ಸಾಲು, ಗೋಡೆ ತುಂಬಾ ಬಾಟಲಿ. ತೀರಾ ಹಿಂದೆ, ಮರದ ಅಡ್ಡಗೋಡೆಯ ಆಚೆ, ಔಷಧಿ ತಯಾರಿಸುವ ಜಾಗ. ನಡುವೆ ಇಬ್ಬರು ಮೂವರು ಬಿಗಿಯಾಗಿ ನಿಂತು ಕ್ಯಾಮೆರಾ ನೋಡುತ್ತಿದ್ದಾರೆ. ಅಮೆರಿಕದ ಯಾವ ಸಣ್ಣ ಊರಿನ ಹಳೇ ಡ್ರಗ್ ಸ್ಟೋರ್ ಫೋಟೊ ತೆಗೆದರೂ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಹಿಂದೆ ತಿರುಗಿಸಿದರೆ ಊರಿನ ಹೆಸರೂ ಇಲ್ಲ, ವರ್ಷವೂ ಇಲ್ಲ.

ಆದರೂ ಇವು ಪತ್ತೆದಾರಿಕೆಗೆ ಹೇಳಿ ಮಾಡಿಸಿದ ಫೋಟೊಗಳು. ಕಾರಣ ಸುಲಭ. ಔಷಧಿ ಅಂಗಡಿಯಲ್ಲಿ ಓದಲು ಸಿಗುವಷ್ಟು ಅಕ್ಷರ ಬೇರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬಾಟಲಿಯ ಮೇಲೆ, ಡಬ್ಬದ ಮೇಲೆ, ಕಿಟಕಿಯ ಗಾಜಿನ ಮೇಲೆ, ಗೋಡೆಯ ಕ್ಯಾಲೆಂಡರಿನ ಮೇಲೆ, ಎಲ್ಲೆಲ್ಲೂ ಅಕ್ಷರ.

ಶುರುಮಾಡುವ ಮೊದಲು ಒಂದೇ ಒಂದು ಸೂತ್ರ ನೆನಪಿಟ್ಟುಕೊಳ್ಳಿ. ಫೋಟೊದಲ್ಲಿ ಹಳೇದು ಏನಿದೆ ಅಂತ ನೋಡಬೇಡಿ, ಹೊಸದು ಏನಿದೆ ಅಂತ ನೋಡಿ. 1880ರ ದಶಕದ ಬೀರು 1930ರ ದಶಕದಲ್ಲೂ ಅದೇ ಗೋಡೆಗೆ ಒರಗಿ ನಿಂತಿರುತ್ತದೆ. ಅಂಗಡಿಯವರು ದುಡ್ಡು ಕೊಟ್ಟು ಮಾಡಿಸಿದ ಮರದ ಕೆಲಸವನ್ನು ಸುಮ್ನೆ ಕಿತ್ತು ಎಸೆಯುವುದಿಲ್ಲ. ಆದರೆ 1931ರಲ್ಲಿ ಮಾರುಕಟ್ಟೆಗೆ ಬಂದ ಸಾಮಾನು 1925ರ ಫೋಟೊದಲ್ಲಿ ಇರಲು ಸಾಧ್ಯವೇ ಇಲ್ಲ. ಪ್ರತಿ ಫೋಟೊಗೂ ಎರಡು ಗಡಿ ಹಾಕಬೇಕು: 'ಇದಕ್ಕಿಂತ ಮೊದಲಿನದಲ್ಲ' ಅನ್ನುವುದು ಒಂದು, 'ಇದಾದ ಮೇಲಿನದಲ್ಲ' ಅನ್ನುವುದು ಇನ್ನೊಂದು. ಮೊದಲನೆಯದು ಸುಲಭವಾಗಿ ಸಿಗುತ್ತದೆ. ಎರಡನೆಯದಕ್ಕೆ ಸ್ವಲ್ಪ ಒದ್ದಾಡಬೇಕು. ಕೆಳಗಿನ ಹಂತಗಳೆಲ್ಲ ಈ ಎರಡು ಗಡಿಗಳನ್ನು ಹತ್ತಿರ ತರುವ ಕೆಲಸ ಅಷ್ಟೇ.

ಹಂತ 1: ಫೋಟೊ ಹುಡುಕುವುದು

ಬೆಂಗಳೂರಿನಲ್ಲಿ ಕೂತಿದ್ದರೂ ಸರಿ, ಡಲ್ಲಾಸಿನಲ್ಲಿದ್ದರೂ ಸರಿ, ಮೊದಲು ಹೋಗಬೇಕಾದ್ದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣಕ್ಕೆ. ಅಲ್ಲಿ ಬಡ ರೈತರ ನೆರವಿಗೆಂದು ಇದ್ದ ಸರ್ಕಾರಿ ಸಂಸ್ಥೆ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್‌ನ ಫೋಟೊ ಸಂಗ್ರಹವಿದೆ. ಆರ್ಥಿಕ ಮಹಾಕುಸಿತದ ಕಾಲದಲ್ಲಿ, 1935ರಿಂದ, ಸರ್ಕಾರವೇ ಸಂಬಳ ಕೊಟ್ಟು ಫೋಟೊಗ್ರಾಫರುಗಳನ್ನು ಹಳ್ಳಿ-ಪಟ್ಟಣಗಳಿಗೆ ಕಳಿಸಿತ್ತು. ವಾಕರ್ ಇವಾನ್ಸ್, ಡೊರೊಥಿಯಾ ಲ್ಯಾಂಗ್, ರಸೆಲ್ ಲೀ, ಮರಿಯನ್ ಪೋಸ್ಟ್ ವೋಲ್ಕಾಟ್, ಜಾನ್ ವೇಚನ್, ಜ್ಯಾಕ್ ಡೆಲಾನೊ ಎಲ್ಲ ಆ ತಂಡದವರೇ. ಮೇಲ್ವಿಚಾರಕ ರಾಯ್ ಸ್ಟ್ರೈಕರ್. ಈ ಕೆಲಸ 1944ರವರೆಗೆ ನಡೆಯಿತು. ಸುಮಾರು 1,75,000 ಕಪ್ಪು-ಬಿಳುಪು ನೆಗೆಟಿವ್ ಮತ್ತು ಸುಮಾರು 1,600 ಬಣ್ಣದ ಚಿತ್ರಗಳು ಉಳಿದಿವೆ. ಸರ್ಕಾರಿ ಕೆಲಸವಾದ್ದರಿಂದ ಹಕ್ಕುಸ್ವಾಮ್ಯದ ತಕರಾರಿಲ್ಲ. ದುಡ್ಡೂ ಕೊಡಬೇಕಿಲ್ಲ.

ಹುಡುಕುವಾಗ 'ಡ್ರಗ್‌ಸ್ಟೋರ್' ಅಂತ ಒಂದೇ ಪದವಾಗಿಯೂ, 'ಡ್ರಗ್ ಸ್ಟೋರ್' ಅಂತ ಬಿಡಿಸಿಯೂ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಫಲಿತಾಂಶ ಬೇರೆ ಬೇರೆ ಬರುತ್ತದೆ. 'ಡ್ರಗಿಸ್ಟ್', 'ಫಾರ್ಮಸಿ', 'ಸೋಡಾ ಫೌಂಟನ್', 'ಸೋಡಾ ಜರ್ಕರ್' ಹಾಕಿಯೂ ನೋಡಿ. ಸೋಡಾ ಜರ್ಕರ್ ಅಂದರೆ ಕೌಂಟರಿನ ಹಿಂದೆ ಸೋಡಾ, ಐಸ್ ಕ್ರೀಂ ಕೊಡುವ ಹುಡುಗ. ರಸೆಲ್ ಲೀ 1939ರ ಫೆಬ್ರವರಿಯಲ್ಲಿ ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯಲ್ಲಿ ತೆಗೆದ ಒಂದು ಚಿತ್ರದಲ್ಲಿ ಅಂಥ ಹುಡುಗನೊಬ್ಬ ಐಸ್ ಕ್ರೀಂ ಉಂಡೆಯನ್ನು ಗಾಳಿಯಲ್ಲಿ ಹಾರಿಸಿ ಮಿಲ್ಕ್ ಶೇಕಿಗೆ ಹಾಕುತ್ತಿದ್ದಾನೆ. ಕಾರ್ಪಸ್ ಕ್ರಿಸ್ಟಿ ಅಷ್ಟೇನೂ ಸಣ್ಣ ಊರಲ್ಲ ಬಿಡಿ. ಆದರೂ ಆ ಚಿತ್ರ ನೋಡಿದ ಮೇಲೆ ಬೇರೆ ಸೋಡಾ ಕೌಂಟರುಗಳ ಫೋಟೊದಲ್ಲಿ ಏನೇನು ಇರಬೇಕು ಅಂತ ಕಣ್ಣಿಗೆ ಅಭ್ಯಾಸವಾಗುತ್ತದೆ.

ಇಲ್ಲೊಂದು ಮುಖ್ಯ ಕಿವಿಮಾತು. ಚಿತ್ರದ ಪುಟದಲ್ಲಿ ಕಾಲ್ ನಂಬರಿನ (ಗ್ರಂಥಾಲಯ ಪ್ರತಿ ಚಿತ್ರಕ್ಕೂ ಕೊಟ್ಟ ಕ್ರಮಸಂಖ್ಯೆ) ಅಕ್ಕಪಕ್ಕದ ಚಿತ್ರಗಳನ್ನು ನೋಡುವ ಕೊಂಡಿ ಇರುತ್ತದೆ. ಅದನ್ನು ಒತ್ತದೆ ಮುಂದೆ ಹೋಗಬೇಡಿ. ಶೀರ್ಷಿಕೆಯೇ ಇಲ್ಲದ ಎಷ್ಟೋ ನೆಗೆಟಿವ್‌ಗಳು ಹೆಸರು ಹಾಕಿ ಹುಡುಕಿದರೆ ಸಿಗುವುದೇ ಇಲ್ಲ. ಅದೇ ಅಂಗಡಿಯನ್ನು ಇನ್ನೊಂದು ಮೂಲೆಯಿಂದ ತೆಗೆದ ಚಿತ್ರ ಪಕ್ಕದಲ್ಲೇ ಅಡಗಿ ಕೂತಿರಬಹುದು. ಕೆಲವು ಚಿತ್ರಗಳ ಮಧ್ಯೆ ದೊಡ್ಡ ಕಪ್ಪು ಚುಕ್ಕೆ ಕಾಣಿಸಿದರೆ ಗಾಬರಿ ಬೀಳಬೇಡಿ. ತನಗೆ ಬೇಡವೆನಿಸಿದ ನೆಗೆಟಿವ್‌ಗೆ ಸ್ಟ್ರೈಕರ್ ತೂತು ಹೊಡೆಸುತ್ತಿದ್ದ. ಅಷ್ಟು ಒಳ್ಳೆಯ ಫೋಟೊಗ್ರಾಫರುಗಳ ಕೆಲಸಕ್ಕೆ ಪಂಚಿಂಗ್ ಮೆಷಿನ್ ಹಾಕಲು ಮನಸ್ಸಾದರೂ ಹೇಗೆ ಬಂತೋ!

1935ಕ್ಕಿಂತ ಹಿಂದಿನದು ಬೇಕಾದರೆ ಸಾರ್ವಜನಿಕ ಗ್ರಂಥಾಲಯಗಳು, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಇತಿಹಾಸ ಸಂಘಗಳು, ವಿಶ್ವವಿದ್ಯಾಲಯಗಳ ಡಿಜಿಟಲ್ ಸಂಗ್ರಹಗಳಿಗೆ ಹೋಗಬೇಕು. ಟೆಕ್ಸಾಸಿನ ಊರುಗಳಿಗೆ 'ಪೋರ್ಟಲ್ ಟು ಟೆಕ್ಸಾಸ್ ಹಿಸ್ಟರಿ' ತುಂಬಾ ಒಳ್ಳೆಯದು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಔಷಧಿ ಇತಿಹಾಸಕ್ಕೇ ಮೀಸಲಾದ ಸಂಸ್ಥೆಯೊಂದು 1941ರಿಂದ ಇದೆ. ಅಲ್ಲಿನ ವಿಶ್ವವಿದ್ಯಾಲಯದ ಕ್ರೆಮರ್ಸ್ ಕಡತಗಳು ಈ ವಿಷಯದ ದೊಡ್ಡ ಖಜಾನೆ.

ಕೈಯಲ್ಲಿ ಹಿಡಿಯುವಂಥ ಮೂಲ ಫೋಟೊ ಬೇಕು ಅನ್ನುವವರು ಅಮೆರಿಕದಲ್ಲಿದ್ದರೆ ಆಂಟಿಕ್ ಅಂಗಡಿಗಳ ಪೋಸ್ಟ್‌ಕಾರ್ಡ್ ಡಬ್ಬಗಳನ್ನು ಕೆದಕಬಹುದು. 'ರಿಯಲ್ ಫೋಟೊ' ಅಂತ ಬೇರೆ ಡಬ್ಬ ಇಟ್ಟಿರುತ್ತಾರೆ. ಅಂಗಡಿಯ ಒಳಗಿನ ಚಿತ್ರವಾದರೆ, ಅದರಲ್ಲೂ ಊರಿನ ಹೆಸರಿದ್ದರೆ, ಬೆಲೆ ಜಾಸ್ತಿ. ಹೆಸರಿಲ್ಲದ್ದು ಅಗ್ಗ. ನಮಗೆ ಬೇಕಾದ್ದು ಅದೇ ಅಲ್ವಾ?

ಹಂತ 2: ಚಿತ್ರಕ್ಕಿಂತ ಮೊದಲು ಕಾಗದ ನೋಡಿ

ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಭೂತಗನ್ನಡಿ ಸಾಕು. ಕಾರ್ಡಿನ ಮೇಲಿಟ್ಟು ನೋಡಿ. ಚುಕ್ಕಿ ಚುಕ್ಕಿ ಕಂಡರೆ ಅದು ಮುದ್ರಣ. ಚುಕ್ಕಿಯಿಲ್ಲದೆ ಕಪ್ಪಿನಿಂದ ಬಿಳಿಗೆ ನಯವಾಗಿ ಇಳಿದರೆ ನಿಜವಾದ ಫೋಟೊ. ಕಾರ್ಡನ್ನು ಓರೆಯಾಗಿ ಬೆಳಕಿಗೆ ಹಿಡಿದಾಗ ಕಪ್ಪು ಜಾಗಗಳ ಅಂಚಿನಲ್ಲಿ ಬೆಳ್ಳಿಯ ಹೊಳಪು ಕಂಡರೆ ಅದೂ ಹಳೇ ಫೋಟೊದ ಗುರುತೇ.

ತಗಡಿನ ಮೇಲಿನ ಫೋಟೊ ಆದರೆ ಅದು ಟಿನ್‌ಟೈಪ್, 1856ರ ನಂತರದ್ದು. ಇದರಲ್ಲಿ ಎಡ-ಬಲ ತಿರುಗಿರುತ್ತದೆ. ಅಂಗಡಿಯ ಬೋರ್ಡು ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ ಇದ್ದರೆ ಅನುಮಾನವೇ ಬೇಡ. ದಪ್ಪ ರಟ್ಟಿಗೆ ಅಂಟಿಸಿದ, ಸುಮಾರು ನಾಲ್ಕೂಕಾಲು ಇಂಚು ಅಗಲ, ಆರೂವರೆ ಇಂಚು ಎತ್ತರದ ಫೋಟೊ ಕ್ಯಾಬಿನೆಟ್ ಕಾರ್ಡ್. ಇದು 1866ರಲ್ಲಿ ಬಂತು, 20ನೇ ಶತಮಾನ ಶುರುವಾದ ಮೇಲೆ ಮೆಲ್ಲಗೆ ಮರೆಯಾಯಿತು.

ಆದರೆ ನಿಮ್ಮ ಕೈಗೆ ಹೆಚ್ಚಾಗಿ ಸಿಗುವುದು ಪೋಸ್ಟ್‌ಕಾರ್ಡ್ ಫೋಟೊ. 1903ರಲ್ಲಿ ಕೊಡ್ಯಾಕ್ ಕಂಪನಿ 3ಎ ಅನ್ನುವ ಮಡಚುವ ಕ್ಯಾಮೆರಾ ತಂದಿತು. ಅದರ ನೆಗೆಟಿವ್ ಸರಿಯಾಗಿ ಪೋಸ್ಟ್‌ಕಾರ್ಡಿನ ಅಳತೆ. ಊರಿನ ಫೋಟೊಗ್ರಾಫರು ಬೆಳಿಗ್ಗೆ ಅಂಗಡಿಯ ಚಿತ್ರ ತೆಗೆದು ಸಂಜೆಗೆ ಕಾರ್ಡು ಮಾಡಿ ಅದೇ ಅಂಗಡಿಯಲ್ಲಿ ಮಾರಬಹುದಿತ್ತು.

ಈಗ ಕಾರ್ಡು ತಿರುಗಿಸಿ. ಹಿಂಭಾಗ ಪೂರ್ತಿ ವಿಳಾಸಕ್ಕೇ ಬಿಟ್ಟಿದ್ದರೆ ಅದು 1907ರ ಮಾರ್ಚ್ 1ಕ್ಕಿಂತ ಹಿಂದಿನ ಕಾಗದ. ನಡುವೆ ಗೆರೆ ಎಳೆದು ಎಡಗಡೆ ಸಂದೇಶಕ್ಕೆ ಜಾಗ ಬಿಟ್ಟಿದ್ದರೆ ಆಮೇಲಿನದು. ಆಮೇಲೆ ಅಂಚೆಚೀಟಿ ಅಂಟಿಸುವ ಚೌಕ ನೋಡಿ. ಅದರ ಸುತ್ತ 'ಎಜೊ' ಅಂತ ಕಾಗದದ ಹೆಸರಿದ್ದು, ನಾಲ್ಕು ಮೂಲೆಯಲ್ಲೂ ತ್ರಿಕೋನಗಳು ಮೇಲಕ್ಕೆ ತುದಿ ಮಾಡಿದ್ದರೆ ಸಂಗ್ರಾಹಕರ ಲೆಕ್ಕದಲ್ಲಿ 1904-1918. ಎರಡು ಮೇಲಕ್ಕೆ, ಎರಡು ಕೆಳಕ್ಕೆ ಇದ್ದರೆ 1918-1930. ಇದು ಕಾಗದ ತಯಾರಾದ ಕಾಲ ಅನ್ನುವುದು ಮರೆಯಬೇಡಿ. ಹಳೇ ನೆಗೆಟಿವ್‌ನಿಂದ ಹತ್ತು ವರ್ಷದ ನಂತರ ಹೊಸ ಕಾಗದದ ಮೇಲೆ ಪ್ರತಿ ತೆಗೆಯುವುದೂ ಇತ್ತು.

ಅಂಚೆ ಮುದ್ರೆ ಅಳಿಸಿಹೋಗಿದ್ದರೂ ಚೀಟಿ ಉಳಿದಿದ್ದರೆ ಅದರ ಬೆಲೆ ನೋಡಿ. ಕಾರ್ಡಿನ ಅಂಚೆದರ ದಶಕಗಟ್ಟಲೆ ಒಂದು ಸೆಂಟ್ ಇತ್ತು. ಮೊದಲ ಮಹಾಯುದ್ಧದ ಕಾರಣಕ್ಕೆ 1917ರ ನವೆಂಬರ್ 2ರಿಂದ 1919ರ ಜೂನ್ 30ರವರೆಗೆ ಎರಡು ಸೆಂಟ್ ಆಯಿತು. ತ್ರಿಕೋನಗಳೆಲ್ಲ ಮೇಲಕ್ಕೆ ಇರುವ ಕಾರ್ಡಿನ ಮೇಲೆ ಎರಡು ಸೆಂಟಿನ ಚೀಟಿ ಸಿಕ್ಕರೆ, ಹತ್ತು ಹದಿನೈದು ವರ್ಷದ ಹರವು ಒಂದೆರಡು ವರ್ಷಕ್ಕೆ ಇಳಿಯಿತು.

ಹಂತ 3: ಸ್ಕ್ಯಾನ್ ಮಾಡಿ, ಚೌಕ ಚೌಕವಾಗಿ ನೋಡಿ

ಪೋಸ್ಟ್‌ಕಾರ್ಡಿಗೆ ಕನಿಷ್ಠ 600 ಡಿಪಿಐ, ಅದಕ್ಕಿಂತ ಸಣ್ಣದಕ್ಕೆ 1200. ಕಪ್ಪು-ಬಿಳುಪು ಫೋಟೊ ಆದರೂ ಬಣ್ಣದ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ, ಟಿಫ್ ಕಡತವಾಗಿ ಉಳಿಸಿ. ಹಿಂಭಾಗವನ್ನೂ ಮಾಡಿ. ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಇಳಿಸಿಕೊಳ್ಳುವಾಗಲೂ ಜೆಪೆಗ್ ಬೇಡ, ದೊಡ್ಡ ಟಿಫ್ ಇಳಿಸಿಕೊಳ್ಳಿ.

ಇಡೀ ಚಿತ್ರವನ್ನು ಒಟ್ಟಿಗೆ ನೋಡಿದರೆ ಕಣ್ಣು ಮನುಷ್ಯರ ಮುಖಕ್ಕೇ ಹೋಗುತ್ತದೆ. ಅದಕ್ಕೇ ಚಿತ್ರವನ್ನು ಹದಿನಾರು ಚೌಕ ಮಾಡಿಕೊಂಡು ಒಂದೊಂದನ್ನೇ ದೊಡ್ಡದು ಮಾಡಿ ನೋಡಿ. ಕನ್ನಡಿ ಇದ್ದರೆ ಬಿಡಬೇಡಿ. ಸೋಡಾ ಕೌಂಟರಿನ ಹಿಂದಿನ ದೊಡ್ಡ ಕನ್ನಡಿಯಲ್ಲಿ ಎದುರು ಗೋಡೆ, ಬಾಗಿಲು, ಕೆಲವೊಮ್ಮೆ ಬೀದಿಯೇ ಕಾಣಿಸುತ್ತದೆ. ಕಿಟಕಿಯ ಗಾಜಿನ ಮೇಲೆ ಬರೆದ ಅಂಗಡಿಯ ಹೆಸರು ಒಳಗಿನಿಂದ ಉಲ್ಟಾ ಕಾಣುತ್ತದೆ. ಆ ತುಂಡನ್ನು ಕತ್ತರಿಸಿ ಎಡ-ಬಲ ಅದಲುಬದಲು ಮಾಡಿದರೆ ಸಲೀಸಾಗಿ ಓದಬಹುದು.

ಫೋಟೊ 'ಚೆನ್ನಾಗಿ ಮಾಡಿಕೊಡುವ' ಎಐ ಆ್ಯಪ್‌ಗಳನ್ನು ಈ ಹಂತದಲ್ಲಿ ದೂರ ಇಡಿ. ಓದಲು ಆಗದ ಲೇಬಲ್ಲನ್ನು ಅವು ಓದಿ ಹೇಳುವುದಿಲ್ಲ, ತಮಗೆ ತೋಚಿದ ಅಕ್ಷರ ಬರೆದುಬಿಡುತ್ತವೆ. ಬಣ್ಣ ಹಚ್ಚುವುದೂ ಅಷ್ಟೇ, ಬರೀ ಊಹೆ. ಕಾಂಟ್ರಾಸ್ಟ್ ಹೆಚ್ಚು ಕಮ್ಮಿ ಮಾಡಿಕೊಳ್ಳಿ, ಅಷ್ಟು ಸಾಕು.

ಹಂತ 4: ಬಣ್ಣದ ಮೋಸ ತಿಳಿದುಕೊಳ್ಳಿ

ಇದನ್ನು ಹೇಳುವವರು ಕಮ್ಮಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೇ ಗಾಜಿನ ಪ್ಲೇಟು, ಹಳೇ ಫಿಲ್ಮುಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ನೀಲಿ ಮಾತ್ರ ಜಾಸ್ತಿ ಕಾಣುತ್ತಿತ್ತು. ಹಾಗಾಗಿ ಫೋಟೊದಲ್ಲಿ ಕೆಂಪು ಕಪ್ಪಾಗುತ್ತದೆ, ನೀಲಿ ಬೆಳ್ಳಗಾಗುತ್ತದೆ. ಎಲ್ಲ ಬಣ್ಣವನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಹೆಚ್ಚು ಬಳಕೆಗೆ ಬಂದಿದ್ದು 1920ರ ದಶಕದಿಂದ ಈಚೆಗೆ.

ಡ್ರಗ್ ಸ್ಟೋರಿನ ಕಿಟಕಿಯಲ್ಲಿ ಬಣ್ಣದ ನೀರು ತುಂಬಿದ ದೊಡ್ಡ ಗಾಜಿನ ಬುರುಡೆಗಳು ಇರುತ್ತಿದ್ದವು. ಶೋ ಗ್ಲೋಬ್ ಅನ್ನುತ್ತಾರೆ. ಇಂಗ್ಲೆಂಡಿನಿಂದ ಬಂದ ಪದ್ಧತಿ ಅದು. ಹಿಂದೆ ದೀಪ ಇಟ್ಟರೆ ರಾತ್ರಿ ದೂರದಿಂದಲೇ ಔಷಧಿ ಅಂಗಡಿ ಅಂತ ಗೊತ್ತಾಗುತ್ತಿತ್ತು. ನನ್ನ ಬಳಿ ಇರುವ ಒಂದು ಕಾರ್ಡಿನಲ್ಲಿ ಕಿಟಕಿಯ ಎಡಕ್ಕೆ ಕಪ್ಪಗೆ ಮಸಿ ತುಂಬಿದಂಥ ಬುರುಡೆ, ಬಲಕ್ಕೆ ಬರೀ ನೀರು ತುಂಬಿದಂಥ ಬುರುಡೆ. ಕಪ್ಪು ಬುರುಡೆಯ ಹೊಟ್ಟೆಯ ಮೇಲೆ ಕಿಟಕಿಯ ಚೌಕಟ್ಟು ಬಾಗಿದ ಬಿಳಿ ಗೆರೆಯಾಗಿ ಮಿಂಚುತ್ತಿದೆ. ಬಲಗಡೆಯದರ ಮೂಲಕ ಹಿಂದಿನ ಡಬ್ಬಗಳು ತಲೆಕೆಳಗಾಗಿ ಕಾಣುತ್ತಿವೆ. ಕಪ್ಪಗಿದ್ದದ್ದು ಬಹುಶಃ ಕೆಂಪು, ಬೆಳ್ಳಗಿದ್ದದ್ದು ನೀಲಿ. ಬಣ್ಣ ತಿಳಿಯದವರು ಒಂದು ಖಾಲಿ, ಒಂದು ಕೊಳಕು ಅಂತ ಬರೆದುಬಿಡುತ್ತಾರೆ.

ಕೆಂಪು, ಕಿತ್ತಳೆ ಬಣ್ಣದ ಬೋರ್ಡುಗಳಿಗೂ ಇದೇ ಕತೆ. ಅಕ್ಷರ ಕಪ್ಪೋ, ಹಿನ್ನೆಲೆ ಕಪ್ಪೋ ಅಂತ ಈಗಿನ ಬೋರ್ಡಿಗೆ ಹೋಲಿಸಿ ತೀರ್ಮಾನ ಮಾಡಬೇಡಿ.

ಒಳಗಿನ ಬೆಳಕನ್ನೂ ಗಮನಿಸಿ. ಫ್ಲ್ಯಾಶ್ ಬಲ್ಬ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿದ್ದು 1930ರಲ್ಲಿ. ಅದಕ್ಕೂ ಮೊದಲು ಮೆಗ್ನೀಸಿಯಂ ಪುಡಿ ಸಿಡಿಸಬೇಕಿತ್ತು, ಇಲ್ಲವೇ ಕೆಲವು ಸೆಕೆಂಡು ಲೆನ್ಸ್ ತೆರೆದಿಟ್ಟು ಕಾಯಬೇಕಿತ್ತು. ಫ್ಯಾನಿನ ರೆಕ್ಕೆ ಮಸುಕಾಗಿದ್ದರೆ, ನಡುವೆ ನಡೆದುಹೋದವರು ದೆವ್ವದ ಹಾಗೆ ಅರ್ಧ ಕಂಡರೆ ಅದು ಕಾದು ತೆಗೆದ ಚಿತ್ರ.

ಹಂತ 5: ಸಾಮಾನು ಓದಿ

ಮೊದಲು ಬಾಟಲಿ. ಒಂದೇ ಅಳತೆಯ, ಸಾಲಾಗಿ ಜೋಡಿಸಿದ, ಚಿನ್ನದ ಅಂಚಿನ ಲೇಬಲ್ಲಿನ ಬಾಟಲಿಗಳು ಮಾರಾಟಕ್ಕಲ್ಲ. ಅವು ಔಷಧಿ ತಯಾರಿಸಲು ಬೇಕಾದ ಮೂಲ ಸರಕು. ಲೇಬಲ್ಲಿನ ಮೇಲೆ ಲ್ಯಾಟಿನ್ ಸಂಕ್ಷೇಪ ಇರುತ್ತದೆ. 'ಟಿಂಕ್ಟ್' ಅಂದರೆ ಟಿಂಚರ್, 'ಪಲ್ವ್' ಅಂದರೆ ಪುಡಿ, 'ಸಿರ್' ಅಂದರೆ ಪಾಕ, 'ಓಲ್' ಅಂದರೆ ಎಣ್ಣೆ, 'ಉಂಗ್' ಅಂದರೆ ಮುಲಾಮು. ನಮ್ಮ ಊರುಗಳಲ್ಲಿ ಕಾಂಪೌಂಡರ್ ಮಿಕ್ಸ್ಚರ್ ಕಲಸಿ, ಸೀಸೆಯ ಬದಿಗೆ ಕಚ್ಚು ಹಾಕಿದ ಕಾಗದದ ಪಟ್ಟಿ ಅಂಟಿಸಿ ಡೋಸು ತೋರಿಸುತ್ತಿದ್ದರಲ್ಲ, ಅಲ್ಲಿನ ಡ್ರಗಿಸ್ಟ್ ಮಾಡುತ್ತಿದ್ದದ್ದೂ ಅದೇ ಜಾತಿಯ ಕೆಲಸ. ಈ ಬಾಟಲಿಗಳಿಂದ ವರ್ಷ ಗೊತ್ತಾಗುವುದಿಲ್ಲ. ಒಮ್ಮೆ ಕೊಂಡರೆ ಎರಡು ತಲೆಮಾರು ಬರುತ್ತಿದ್ದವು.

ವರ್ಷ ಹೇಳುವುದು ಶೋಕೇಸಿನ ಮೇಲಿನ ಸಾಮಾನು ಮತ್ತು ಜಾಹೀರಾತಿನ ರಟ್ಟು. ಜಿಲೆಟ್ ಸೇಫ್ಟಿ ರೇಜರ್ ಕಂಡರೆ 1903ಕ್ಕಿಂತ ಮೊದಲಿನದಲ್ಲ. ಬ್ಯಾಂಡ್-ಏಡ್ ಕಂಡರೆ 1920ರ ದಶಕ ಅಥವಾ ಆಮೇಲೆ. ಅಲ್ಕಾ-ಸೆಲ್ಟ್ಜರ್ ರಟ್ಟು ಇದ್ದರೆ 1931ರ ನಂತರ. ಪೆನಿಸಿಲಿನ್ ಅಂತ ಬರೆದಿದ್ದರೆ 1945ರ ಮಾರ್ಚ್ ನಂತರ, ಅದಕ್ಕೂ ಮೊದಲು ಅದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ರೆಕ್ಸಾಲ್ ಬೋರ್ಡು ಇದ್ದರೆ 1903ರ ಆಸುಪಾಸು ಅಥವಾ ಈಚೆ. ಸ್ವತಂತ್ರ ಅಂಗಡಿಯವರೇ ಸೇರಿ ಹಿಡಿದ ಬ್ರ್ಯಾಂಡ್ ಅದು, ಸಣ್ಣ ಊರುಗಳಲ್ಲೇ ಜಾಸ್ತಿ ಕಾಣುತ್ತದೆ.

ನಮ್ಮ ಮನೆಮನೆಯ ವಿಕ್ಸ್ ಕೂಡ ಇಂಥ ಅಂಗಡಿಯ ಕೂಸು. ಉತ್ತರ ಕೆರೊಲಿನಾದ ಲನ್ಸ್‌ಫರ್ಡ್ ರಿಚರ್ಡ್‌ಸನ್ ಅನ್ನುವ ಔಷಧಿಗಾರ ಮಾಡಿದ ಮುಲಾಮು ಅದು. ವೇಪೋರಬ್ ಅನ್ನುವ ಹೆಸರು ಬಂದಿದ್ದು 1910ರ ದಶಕದ ಆರಂಭದಲ್ಲಿ. ಅಮೆರಿಕದ ಹಳೇ ಫೋಟೊದಲ್ಲಿ ಆ ಹೆಸರು ಕಂಡಾಗ ಕನ್ನಡಿಗರಿಗೆ ಆಗುವ ಖುಷಿಯೇ ಬೇರೆ.

ಈಗ ಸೋಡಾ ಕೌಂಟರು. ಔಷಧಿ ಅಂಗಡಿಯಲ್ಲಿ ಸೋಡಾ ಯಾಕೆ ಅಂತ ಕೇಳಬಹುದು. ಗ್ಯಾಸ್ ತುಂಬಿದ ನೀರು ಮೊದಲು ಆರೋಗ್ಯಕ್ಕೆ ಒಳ್ಳೆಯದು ಅಂತಲೇ ಮಾರಾಟವಾಗುತ್ತಿತ್ತು. ಡಾಕ್ಟರ್ ಪೆಪ್ಪರ್ 1885ರಲ್ಲಿ ಟೆಕ್ಸಾಸಿನ ವೇಕೊ ಊರಿನ ಡ್ರಗ್ ಸ್ಟೋರಿನಲ್ಲಿ ಹುಟ್ಟಿತು. ಕೋಕಾ-ಕೋಲಾ 1886ರಲ್ಲಿ ಅಟ್ಲಾಂಟಾದ ಜೇಕಬ್ಸ್ ಫಾರ್ಮಸಿಯಲ್ಲಿ ಮೊದಲು ಮಾರಾಟವಾಯಿತು. ಪೆಪ್ಸಿ 1893ರಲ್ಲಿ ಉತ್ತರ ಕೆರೊಲಿನಾದ ನ್ಯೂ ಬರ್ನ್‌ನಲ್ಲಿ ಕೇಲಬ್ ಬ್ರಾಡಮ್ ಅಂಗಡಿಯಲ್ಲಿ ಶುರುವಾಗಿ, 1898ರಲ್ಲಿ ಈಗಿನ ಹೆಸರು ಪಡೆಯಿತು. ಮೂರೂ ಔಷಧಿ ಅಂಗಡಿಯ ಪಾನೀಯಗಳೇ.

ಫೋಟೊದಲ್ಲಿ ಸೋಡಾ ಯಂತ್ರ ಎಲ್ಲಿದೆ ನೋಡಿ. 19ನೇ ಶತಮಾನದಲ್ಲಿ ಅದು ಗುಡಿಯ ಮಂಟಪದ ಹಾಗೆ ಗೋಡೆಗೆ ಒರಗಿ ನಿಂತಿರುತ್ತಿತ್ತು. ಹುಡುಗ ಗಿರಾಕಿಗೆ ಬೆನ್ನು ತಿರುಗಿಸಿ ಸೋಡಾ ಹಿಡಿಯಬೇಕಿತ್ತು. 20ನೇ ಶತಮಾನದಲ್ಲಿ ನಲ್ಲಿಗಳು ಮುಂದಿನ ಕೌಂಟರಿಗೆ ಬಂದವು, ಹಿಂದೆ ಕನ್ನಡಿ ಉಳಿಯಿತು. ನಲ್ಲಿ ಮುಂದಿದ್ದರೆ ಫೋಟೊ 1900ರ ಈಚಿನದು ಅಂತ ಧೈರ್ಯವಾಗಿ ಹೇಳಬಹುದು.

ಒಂದು ಎಚ್ಚರಿಕೆ. 'ಕೋಕಾ-ಕೋಲಾ 5 ಸೆಂಟ್' ಅನ್ನುವ ಬೋರ್ಡು ನೋಡಿ ಕುಣಿಯಬೇಡಿ. ಆ ಬೆಲೆ 1886ರಿಂದ 1950ರ ದಶಕದವರೆಗೂ ಬದಲಾಗಲೇ ಇಲ್ಲ. ವರ್ಷ ಹುಡುಕುವವರಿಗೆ ಇದಕ್ಕಿಂತ ನಿಷ್ಪ್ರಯೋಜಕ ಬೋರ್ಡು ಇನ್ನೊಂದಿಲ್ಲ.

ಹಂತ 6: 'ಇದಾದ ಮೇಲಿನದಲ್ಲ' ಗಡಿ ಹಾಕುವುದು

ಸಾಮಾನು, ಬೋರ್ಡು ಎಲ್ಲ ಒಂದು ಕಡೆಯ ಗಡಿ ಮಾತ್ರ ಕೊಡುತ್ತವೆ. ಇನ್ನೊಂದು ಗಡಿಗೆ ಬೇಕಾದ್ದು ಬೇಗ ಬಂದು ಬೇಗ ಹೋದ ವಸ್ತುಗಳು. ಕಿಟಕಿಗೆ ಅಂಟಿಸಿದ ಕಾಗದ, ನಿಂತ ಕಾರಿನ ನಂಬರ್ ಪ್ಲೇಟು, ಕ್ಯಾಲೆಂಡರು, ಯುದ್ಧದ ಬಾಂಡ್ ಪೋಸ್ಟರು, ಸರ್ಕಸ್ಸಿನ ಪೋಸ್ಟರು.

ಇವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ನೀಲಿ ಹದ್ದು. ರೂಸ್‌ವೆಲ್ಟ್ ಸರ್ಕಾರ 1933ರಲ್ಲಿ ಕೂಲಿ, ಕೆಲಸದ ಗಂಟೆ, ಬೆಲೆಗಳ ಬಗ್ಗೆ ನಿಯಮ ತಂದು, ಒಪ್ಪಿದ ಅಂಗಡಿಗಳಿಗೆ ರೆಕ್ಕೆ ಚಾಚಿದ ಹದ್ದಿನ ಚಿತ್ರದ ಪೋಸ್ಟರ್ ಕೊಟ್ಟಿತು. ಒಂದು ಕಾಲಿನಲ್ಲಿ ಹಲ್ಲಿನ ಚಕ್ರ, ಇನ್ನೊಂದರಲ್ಲಿ ಮಿಂಚು, ಕೆಳಗೆ 'ನಮ್ಮ ಪಾಲಿನ ಕೆಲಸ ನಾವು ಮಾಡುತ್ತೇವೆ' ಅನ್ನುವ ಇಂಗ್ಲಿಷ್ ಸಾಲು. 1935ರ ಮೇ 27ಕ್ಕೆ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನೇ ರದ್ದು ಮಾಡಿತು. ಹದ್ದು ಕಂಡರೆ ಎರಡೂ ಗಡಿ ಒಟ್ಟಿಗೆ ಸಿಕ್ಕಿದ ಹಾಗೆ: 1933ರ ಮಧ್ಯದಿಂದ 1935ರ ಮಧ್ಯದವರೆಗೆ. ಕಿಟಕಿಯಿಂದ ಕೀಳಲು ಸೋಮಾರಿತನ ಮಾಡಿದವರಿಗೆ ಒಂದಷ್ಟು ತಿಂಗಳು ಸೇರಿಸಿಕೊಳ್ಳಿ.

ಇನ್ನು ಕ್ಯಾಲೆಂಡರು. ವರ್ಷದ ಅಂಕಿ ಚಿಕ್ಕದಾಗಿರುತ್ತದೆ, ಓದಲು ಆಗುವುದಿಲ್ಲ. ಆದರೆ ತಿಂಗಳ ಹೆಸರು, ತಾರೀಖುಗಳ ಸಾಲು ಕಂಡರೆ ಸಾಕು. ಉದಾಹರಣೆಗೆ, ಅಕ್ಟೋಬರ್ ಹಾಳೆಯಲ್ಲಿ 1ನೇ ತಾರೀಖು ಭಾನುವಾರದ ಕೆಳಗಿದೆ ಅಂದುಕೊಳ್ಳಿ. ಆ ಜೋಡಣೆ 1911, 1916, 1922, 1933, 1939, 1944ರಲ್ಲಿ ಬಂದಿದೆ. ನಡುವಿನ ಅಂತರ 5, 6 ಅಥವಾ 11 ವರ್ಷ. ಫೋಟೊದಲ್ಲಿ ಫೋರ್ಡ್ ಮಾಡೆಲ್ ಟಿ ಕಾರಿದೆ ಅನ್ನುವುದರಿಂದ 1908ರ ನಂತರ ಅಂತಷ್ಟೇ ಗೊತ್ತಾಯಿತು. ಅದರ ತಯಾರಿಕೆ 1927ಕ್ಕೇ ನಿಂತರೂ ಕಾರು ಹತ್ತು ವರ್ಷ ಓಡುತ್ತದೆ, ಹಾಗಾಗಿ ಅದು 'ಇದಾದ ಮೇಲಿನದಲ್ಲ' ಅನ್ನುವ ಗಡಿ ಆಗುವುದಿಲ್ಲ. ಅದೇ ಕಿಟಕಿಯಲ್ಲಿ ನೀಲಿ ಹದ್ದು ಕಂಡರೆ? ಉಳಿಯುವುದು 1933 ಒಂದೇ. ಅಕ್ಟೋಬರ್, ಅಥವಾ ಹಾಳೆ ಹರಿಯಲು ಮರೆತಿದ್ದರೆ ನವೆಂಬರಿನ ಮೊದಲ ದಿನಗಳು.

ಇಷ್ಟು ಗೊತ್ತಾದ ಮೇಲೆ ಇದೇ ಫೋಟೊ ಹೊಸ ಮಾತು ಹೇಳಲು ಶುರುಮಾಡುತ್ತದೆ. ಮದ್ಯ ನಿಷೇಧ 1920ರ ಜನವರಿಯಿಂದ 1933ರ ಡಿಸೆಂಬರ್ 5ರವರೆಗೆ ಇತ್ತು. ಆ ಕಾಲದಲ್ಲಿ ವಿಸ್ಕಿ ಕಾನೂನುಬದ್ಧವಾಗಿ ಸಿಗುತ್ತಿದ್ದದ್ದು ಡಾಕ್ಟರ ಚೀಟಿ ಇದ್ದರೆ, ಅದೂ ಡ್ರಗ್ ಸ್ಟೋರಿನಲ್ಲಿ, ಹತ್ತು ದಿನಕ್ಕೆ ಒಂದು ಪೈಂಟ್ (ಸುಮಾರು ಅರ್ಧ ಲೀಟರ್). ಹಾಗಾದರೆ ಚಿತ್ರದಲ್ಲಿ ಅಡ್ಡಗೋಡೆಯ ಹಿಂದಿನ ಬೀಗ ಹಾಕಿದ ಬೀರು ಯಾತಕ್ಕಿರಬಹುದು? ಉತ್ತರ ಗ್ಯಾರಂಟಿ ಇಲ್ಲ, ಆದರೆ ಪ್ರಶ್ನೆ ಕೇಳಲು ಈಗ ಆಧಾರವಿದೆ.

ಹಂತ 7: ಊರು ಪತ್ತೆ

ಅಂಗಡಿಯ ಹೆಸರು ಅರ್ಧ ಸಿಕ್ಕರೂ ಕೆಲಸ ನಡೆಯುತ್ತದೆ. ಆಗಿನ 'ಇರಾ ಡ್ರಗಿಸ್ಟ್ಸ್ ಡೈರೆಕ್ಟರಿ'ಯಲ್ಲಿ ರಾಜ್ಯವಾರು, ಊರುವಾರು ಔಷಧಿ ಅಂಗಡಿಗಳ ಪಟ್ಟಿ ಇದೆ. ಸ್ಕ್ಯಾನ್ ಆದ ಪ್ರತಿಗಳಲ್ಲಿ ಹೆಸರು ಹಾಕಿ ಹುಡುಕಬಹುದು. ಲೈಬ್ರರಿ ಆಫ್ ಕಾಂಗ್ರೆಸ್‌ನ 'ಕ್ರಾನಿಕ್ಲಿಂಗ್ ಅಮೆರಿಕ'ದಲ್ಲಿ ಹಳೇ ಪತ್ರಿಕೆಗಳಿವೆ. ಊರಿನ ಪತ್ರಿಕೆಯಲ್ಲಿ ಡ್ರಗ್ ಸ್ಟೋರಿನ ಜಾಹೀರಾತು ಇಲ್ಲದ ವಾರವೇ ಇರುತ್ತಿರಲಿಲ್ಲ. ಅಂಗಡಿ ಕೈ ಬದಲಾದರೆ, ಹೊಸ ಸೋಡಾ ಕೌಂಟರು ಬಂದರೆ, ಬೆಂಕಿ ಬಿದ್ದರೆ ಅದೂ ಸುದ್ದಿಯೇ.

ಹೆಸರಿನ ಮೇಲೆ ಅನುಮಾನವಿದ್ದರೆ ಸ್ಯಾನ್‌ಬಾರ್ನ್ ನಕ್ಷೆ ತೆಗೆಯಿರಿ. ಬೆಂಕಿ ವಿಮೆ ಕಂಪನಿಗಳಿಗಾಗಿ 1867ರಿಂದ ಮಾಡಿದ ನಕ್ಷೆಗಳು ಇವು, ಸುಮಾರು 12,000 ಊರುಗಳದ್ದಿವೆ. ಒಂದೊಂದು ಕಟ್ಟಡವೂ ಅಳತೆಗೆ ತಕ್ಕಂತೆ ಇದೆ. ಗುಲಾಬಿ ಬಣ್ಣ ಅಂದರೆ ಇಟ್ಟಿಗೆ, ಹಳದಿ ಅಂದರೆ ಮರ. ಒಳಗೆ 'ಡ್ರಗ್ಸ್' ಅಂತ ಬರೆದಿರುತ್ತಾರೆ. ನಿಮ್ಮ ಫೋಟೊದ ಅಂಗಡಿ ಮೂಲೆಯಲ್ಲಿದೆಯೇ, ಎರಡು ಮಹಡಿಯೇ, ಪಕ್ಕದಲ್ಲಿ ಬ್ಯಾಂಕ್ ಇದೆಯೇ ಅಂತ ನಕ್ಷೆಗೆ ತಾಳೆ ಹಾಕಿ. ಐದಾರು ವರ್ಷಕ್ಕೊಮ್ಮೆ ಹೊಸ ನಕ್ಷೆ ಮಾಡಿದ ಊರಾದರೆ, ಪಕ್ಕದ ಮರದ ಕಟ್ಟಡ ಯಾವಾಗ ಇಟ್ಟಿಗೆಯದಾಯಿತು ಅನ್ನುವುದೇ ಇನ್ನೊಂದು ಗಡಿಯಾಗುತ್ತದೆ.

ಹಂತ 8: ಯಾರು ಇಲ್ಲ ಅಂತಲೂ ನೋಡಿ

ಈ ಫೋಟೊಗಳನ್ನು ನೋಡುತ್ತಾ ಹೋದರೆ 'ಆಹಾ, ಎಂಥ ಒಳ್ಳೆ ಕಾಲ' ಅನಿಸುವುದು ಸಹಜ. ಸ್ವಲ್ಪ ತಡೆಯಿರಿ. ದಕ್ಷಿಣದ ರಾಜ್ಯಗಳ ಸೋಡಾ ಕೌಂಟರಿನ ಸ್ಟೂಲುಗಳ ಮೇಲೆ ಕೂತವರು ಹೆಚ್ಚುಕಮ್ಮಿ ಎಲ್ಲ ಬಿಳಿಯರೇ. ಕಪ್ಪು ಜನ ಅದೇ ಅಂಗಡಿಯಲ್ಲಿ ಔಷಧಿ ಕೊಳ್ಳಬಹುದಿತ್ತು, ಆದರೆ ಕೌಂಟರಿನಲ್ಲಿ ಕೂತು ಕುಡಿಯುವ ಹಾಗಿರಲಿಲ್ಲ. ದಕ್ಷಿಣಕ್ಕೆ ಮಾತ್ರ ಸೀಮಿತವೂ ಅಲ್ಲ. 1958ರ ಜುಲೈಯಲ್ಲಿ ಕಾನ್ಸಾಸ್‌ನ ವಿಚಿಟಾದ ಡಾಕಮ್ ಡ್ರಗ್ ಸ್ಟೋರಿನಲ್ಲಿ ಕಪ್ಪು ವಿದ್ಯಾರ್ಥಿಗಳು ಕೌಂಟರಿನಲ್ಲಿ ಸುಮ್ಮನೆ ಕೂತು ಪ್ರತಿಭಟಿಸಿದರು. ಕೆಲವೇ ವಾರಗಳಲ್ಲಿ ಅಂಗಡಿಯವರು ಮಣಿದರು. ಅದೇ ಆಗಸ್ಟಿನಲ್ಲಿ ಓಕ್ಲಹೋಮ ಸಿಟಿಯ ಕಾಟ್ಜ್ ಡ್ರಗ್ ಸ್ಟೋರಿನಲ್ಲಿ ಕ್ಲಾರಾ ಲೂಪರ್ ಅನ್ನುವ ಶಿಕ್ಷಕಿ ಮಕ್ಕಳನ್ನು ಕರೆದುಕೊಂಡು ಹೋಗಿ ಕೂರಿಸಿದರು. ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ಕಪ್ಪು ವಿದ್ಯಾರ್ಥಿಗಳು ಊಟದ ಕೌಂಟರಿನಲ್ಲಿ ಕೂತ ಪ್ರಸಿದ್ಧ ಧರಣಿಗೆ ಇನ್ನೂ ಒಂದೂವರೆ ವರ್ಷ ಇತ್ತು.

ಹಾಗಾಗಿ ವಿವರ ಬರೆಯುವಾಗ 'ಊರಿನವರೆಲ್ಲ ಸೇರುತ್ತಿದ್ದ ಜಾಗ' ಅಂತ ಗೀಚಿಬಿಡಬೇಡಿ. ಫೋಟೊದಲ್ಲಿ ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಯಾರ ಕೈಯಲ್ಲಿ ಪೊರಕೆ ಇದೆ ಅಂತ ಕಂಡದ್ದನ್ನು ಕಂಡ ಹಾಗೆ ಬರೆಯಿರಿ.

ಹಂತ 9: ಉಳಿಸುವುದು, ಹಂಚುವುದು

ಮೂಲ ಫೋಟೊ ನಿಮ್ಮಲ್ಲಿದ್ದರೆ ಅಂಚು ಹಿಡಿದೇ ಎತ್ತಿ. ಹಿಂದೆ ಬರೆಯಲೇಬೇಕಾದರೆ ಮೆತ್ತನೆಯ ಪೆನ್ಸಿಲ್, ಪೆನ್ನು ಬೇಡ. ಪಿವಿಸಿ ಕವರು ಬೇಡ, ಪಾಲಿಯೆಸ್ಟರ್ ಕವರು ಹಾಕಿ. ಲ್ಯಾಮಿನೇಷನ್ ಅಂತೂ ಖಂಡಿತ ಬೇಡ. ಹಳೇ ನೆಗೆಟಿವ್ ಸಿಕ್ಕರೆ ಜೋಪಾನ. ಕೊಡ್ಯಾಕ್ 1951ರವರೆಗೂ ನೈಟ್ರೇಟ್ ಫಿಲ್ಮ್ ಮಾಡುತ್ತಿತ್ತು, ಅದು ಸುಲಭವಾಗಿ ಬೆಂಕಿ ಹಿಡಿಯುತ್ತದೆ. ಅಂಥದ್ದನ್ನು ಮನೆಯಲ್ಲಿಟ್ಟುಕೊಳ್ಳುವ ಬದಲು ಹತ್ತಿರದ ಆರ್ಕೈವ್‌ನವರನ್ನು ಕೇಳಿ.

ಪ್ರಕಟಿಸುವ ಮೊದಲು ಹಕ್ಕಿನ ಲೆಕ್ಕ ನೋಡಿ. ಸರ್ಕಾರಿ ಫೋಟೊಗಳಿಗೆ ತೊಂದರೆ ಇಲ್ಲ. ಅಮೆರಿಕದಲ್ಲಿ ಆ ಕಾಲದಲ್ಲಿ ಪ್ರಕಟವಾದ ಫೋಟೊಗೆ ಹೆಚ್ಚೆಂದರೆ 95 ವರ್ಷ ಹಕ್ಕು. ಪ್ರಕಟವೇ ಆಗದ, ತೆಗೆದವರು ಯಾರೆಂದು ತಿಳಿಯದ ಫೋಟೊಗೆ ತೆಗೆದಲ್ಲಿಂದ 120 ವರ್ಷ. ಮನೆಯ ಆಲ್ಬಮ್ಮಿನಿಂದ ಬಂದ ಫೋಟೊಗೆ ಈ ಎರಡನೆಯ ಲೆಕ್ಕವೇ ಹೆಚ್ಚಾಗಿ ಅನ್ವಯಿಸುತ್ತದೆ, ಜನ ಇದನ್ನು ಮರೆಯುತ್ತಾರೆ.

ಕೊನೆಗೆ ವಿವರದ ಚೀಟಿ. ವರ್ಷದ ಪಕ್ಕ ಕಾರಣವನ್ನೂ ಬರೆಯಿರಿ: '1933 ಅಕ್ಟೋಬರ್ ಆಸುಪಾಸು, ಕಿಟಕಿಯಲ್ಲಿ ನೀಲಿ ಹದ್ದು, ಕ್ಯಾಲೆಂಡರಿನಲ್ಲಿ 1ನೇ ತಾರೀಖು ಭಾನುವಾರ, ಊರು ಖಚಿತವಿಲ್ಲ, ಅಂಗಡಿಯ ಹೆಸರಿನ ಕೊನೆಯ ಮೂರು ಅಕ್ಷರ ಮಾತ್ರ ಓದಲು ಆಗಿದೆ.' ಊರು ಸಿಕ್ಕಿದ್ದರೆ ಸ್ಕ್ಯಾನ್ ಮತ್ತು ಈ ಚೀಟಿಯನ್ನು ಆ ಕೌಂಟಿಯ ಇತಿಹಾಸ ಸಂಘಕ್ಕೆ ಇಮೇಲ್ ಮಾಡಿ. ಅಂಥ ಸಂಘಗಳನ್ನು ಹೆಚ್ಚಾಗಿ ನಡೆಸುವುದು ನಿವೃತ್ತರಾದ ಸ್ವಯಂಸೇವಕರು. ಉತ್ತರ ಬರಲು ಒಂದಷ್ಟು ವಾರ ಹಿಡಿಯಬಹುದು. ಬಂದಾಗ ಪೂರ್ತಿ ಓದಿ, ಯಾಕೆಂದರೆ ಚಿತ್ರದಲ್ಲಿ ಬಿಳಿ ಕೋಟು ಹಾಕಿ ನಿಂತವರ ಹೆಸರು ಅವರಿಗೆ ಗೊತ್ತಿರುವ ಸಾಧ್ಯತೆ ಇದೆ.